ಗೋಡೆಯ ಮೇಲೆ ಬೆಳಕಿನ ಮೆಟ್ಟಿಲು

ಕಾರಿನ ಹೆಡ್‌ಲೈಟುಗಳನ್ನು ಅಮ್ಮನ ಕೇಕ್ ಓವನ್ನಿನಲ್ಲಿಟ್ಟು ಬಿಸಿ ಮಾಡಿದ ಭಾನುವಾರ ಅಪ್ಪನ ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು. ಪೊರೆ ತೆಗೆಸಿ ಇನ್ನೂ ನಾಲ್ಕು ದಿನವಾಗಿರಲಿಲ್ಲ. ಇನ್ನೊಂದು ವಾರ ನಾನು ಸುಮ್ಮನಿದ್ದಿದ್ದರೆ ಪಟ್ಟಿ ಬಿಚ್ಚುತ್ತಿದ್ದರು, ಅಪ್ಪ ಅಂಗಳಕ್ಕೆ ಬಂದು ನಿಂತು ನೋಡುತ್ತಿದ್ದರು, ಮುಂದಿನದ್ಯಾವುದೂ ಆಗುತ್ತಿರಲಿಲ್ಲ. ಆದರೆ ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಕೋಪ ಮೂಗಿನ ತುದಿಯಲ್ಲಿ, ಆತುರ ಕೈಬೆರಳ ತುದಿಯಲ್ಲಿ ಎಂದು ಅಮ್ಮ ನನ್ನನ್ನು ಆಡಿಕೊಳ್ಳುವುದು ಸುಳ್ಳಲ್ಲ.

ನಮ್ಮ ಮನೆ ತಿಪ್ಪಸಂದ್ರದ ಆಚೆ, ಅಪ್ಪ ಮೂವತ್ತನಾಲ್ಕು ವರ್ಷ ದುಡಿದ ಸರ್ಕಾರಿ ಕಾರ್ಖಾನೆಯ ಕಾಂಪೌಂಡ್ ಗೋಡೆಗೆ ಎರಡು ಬೀದಿ ಈಚೆಗಿದೆ. ಅಪ್ಪ ಅಲ್ಲಿ ಟೂಲ್‌ರೂಮಿನಲ್ಲಿದ್ದವರು. ನನ್ನ ಮದುವೆ ಮುರಿದು, ಒಂದು ಸೂಟ್‌ಕೇಸು ಮತ್ತು ಒಂದು ಹಳೆಯ ಕಾರಿನೊಂದಿಗೆ ನಾನು ಈ ಮನೆಗೆ ವಾಪಸ್ಸು ಬಂದಾಗ ಅಪ್ಪ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ, "ಇಲ್ಲಿ ಬಾರಮ್ಮ, ಈ ಸ್ಪ್ಯಾನರ್ ಹಿಡ್ಕೋ" ಎಂದರು. ನಲವತ್ತರ ಹೊಸ್ತಿಲಲ್ಲಿ ನಾನು ಸ್ಪ್ಯಾನರ್ ಹಿಡಿಯುವುದನ್ನು ಕಲಿತದ್ದು ಹಾಗೆ. ಅಳುವುದನ್ನು ಬಿಟ್ಟದ್ದೂ ಹಾಗೆಯೇ.

ಟೂಲ್‌ರೂಮಿನ ಒಂದು ಕಟ್ಟಳೆಯನ್ನು ಅಪ್ಪ ಮನೆಗೂ ತಂದಿದ್ದರು. ಅಲ್ಲಿ ಯಾರೂ ತಾವು ಮಾಡಿದ ಕೆಲಸವನ್ನು ತಾವೇ ಪಾಸ್ ಮಾಡುವಂತಿರಲಿಲ್ಲ. ಎಂಥ ನಿಪುಣನೇ ಇರಲಿ, ಇನ್ನೊಬ್ಬ ಬಂದು ಅಳೆದು ನೋಡಿ, ಸರಿ ಎಂದು ಠಸ್ಸೆ ಒತ್ತಿದ ಮೇಲೆಯೇ ಆ ಬಿಡಿಭಾಗ ಹೊರಗೆ ಹೋಗಬೇಕು. ಮನೆಯಲ್ಲಿ ಅಪ್ಪ ನಲ್ಲಿಗೆ ವಾಷರ್ ಹಾಕಿದರೂ ನನ್ನನ್ನು ಕರೆದು "ನೋಡಿ ಹೇಳು" ಎನ್ನುತ್ತಿದ್ದರು. ನಾನು ಮಿಕ್ಸಿಯ ಪ್ಲಗ್ ಬದಲಿಸಿದರೆ ಅವರು ಕನ್ನಡಕ ಏರಿಸಿಕೊಂಡು ಬಂದು ನೋಡುತ್ತಿದ್ದರು. ನೋಡಿದ ಮೇಲೆ ಗಾಳಿಯಲ್ಲಿ ಮುಷ್ಟಿಯಿಂದ ಠಸ್ಸೆ ಒತ್ತಿದಂತೆ ಮಾಡಿ ನಗುತ್ತಿದ್ದರು.

ಆ ನಗುವಿನ ಹಿಂದೆ ಒಂದು ಭಯವೂ ಇತ್ತು. ನಮ್ಮ ತಾತ ಅರವತ್ತೆಂಟಕ್ಕೆ ಕಣ್ಣು ಕಳೆದುಕೊಂಡವರು. ಕೊನೆಯ ಒಂಬತ್ತು ವರ್ಷ ಅಪ್ಪನ ಹೆಗಲು ಹಿಡಿದೇ ಬಚ್ಚಲಿಗೆ ಹೋಗುತ್ತಿದ್ದರು. ಅಪ್ಪನಿಗೆ ಅರವತ್ತೆಂಟು ತುಂಬಿದ ವರ್ಷವೇ ಬಲಗಣ್ಣಿಗೆ ಪೊರೆ ಬಂತು. ಅದು ಎಲ್ಲರಿಗೂ ಬರುವ ಪೊರೆ, ತಾತನಿಗೆ ಆಗಿದ್ದೇ ಬೇರೆ ಎಂದು ಡಾಕ್ಟರು ಎಷ್ಟು ಬಿಡಿಸಿ ಹೇಳಿದರೂ ಅಪ್ಪ ತಲೆಯಾಡಿಸಿದರೇ ಹೊರತು ನಂಬಲಿಲ್ಲ.

ನನ್ನ ಕಾರಿನ ದೀಪಗಳು ಹಳದಿಗಟ್ಟಿ, ಇದ್ದೂ ಇಲ್ಲದಂತಾಗಿದ್ದವು. ಆಫೀಸಿನಿಂದ ಬರುವಾಗ ಕೆ.ಆರ್. ಪುರದ ತೂಗುಸೇತುವೆಯ ಹೊತ್ತಿಗೆ ಕತ್ತಲಾಗುತ್ತಿತ್ತು, ಗುಂಡಿಗಳು ಚಕ್ರಕ್ಕೆ ತಗುಲಿದ ಮೇಲೆಯೇ ಗೊತ್ತಾಗುತ್ತಿದ್ದವು. ಹೆಡ್‌ಲೈಟ್ ಬಿಚ್ಚಿ ಒಳಗೆ ಪ್ರೊಜೆಕ್ಟರ್ ಕೂರಿಸುವುದನ್ನು ವಿಡಿಯೋಗಳಲ್ಲಿ ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ಪ್ರೊಜೆಕ್ಟರ್ ಎಂದರೆ ಗೋಲಿಯಂಥ ದಪ್ಪ ಗಾಜಿನ ಬುರುಡೆ. ಬೆಳಕನ್ನು ಚೆಲ್ಲಾಪಿಲ್ಲಿಯಾಗಲು ಬಿಡದೆ, ಮೇಲೆ ಒಂದು ಗೆರೆ ಎಳೆದಂತೆ ಕತ್ತರಿಸಿ ರಸ್ತೆಗೆ ಹಾಸುತ್ತದೆ.

ಅದನ್ನು ತರಲು ಶಿವಾಜಿನಗರದ ಗುಜರಿ ಸಾಲಿಗೆ ಹೋದೆ. ಬಾಗಿಲು, ಬಂಪರು, ಸ್ಟಿಯರಿಂಗುಗಳು ರಾಶಿ ಬಿದ್ದಿದ್ದ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ, ಎಲ್ಲೋ ಒಡೆದ ವಿದೇಶಿ ಕಾರಿನಿಂದ ಕಿತ್ತ ಒಂದು ಜೊತೆ ಸಿಕ್ಕಿತು. ಅಂಗಡಿಯವರು ಬಿಳಿ ಗಡ್ಡದ ಹಿರಿಯರು. ನನ್ನ ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೋ ಎಂದು ಒಮ್ಮೆ ಬಾಗಿಲ ಕಡೆ ನೋಡಿದರು. ಅಷ್ಟಕ್ಕೇ ನನಗೆ ಉರಿದುಹೋಯಿತು.

"ಮೇಡಂ, ಯೇ ಬಾಹರ್ ಕಾ ಮಾಲ್ ಹೈ. ಫಾರಿನ್ ಗಾಡೀದು. ಅಲ್ಲಿ ರೋಡಲ್ಲಿ ಅವ್ರು..." ಎಂದು ಶುರು ಮಾಡಿದರು.

"ಗೊತ್ತು ಭಾಯ್. ಹದಿನೆಂಟು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ. ಪ್ಯಾಕ್ ಮಾಡಿ ಕೊಡಿ ಸಾಕು."

ಅವರು ನನ್ನ ಮುಖವನ್ನೊಮ್ಮೆ ನೋಡಿ, "ಆಪ್ ಕೀ ಮರ್ಜಿ" ಎಂದು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟರು. ಆ ಅರ್ಧಕ್ಕೆ ನಿಂತ ವಾಕ್ಯ ಆಮೇಲೆ ನನ್ನನ್ನು ಎಷ್ಟು ಸಲ ನಿದ್ದೆಯಿಂದ ಎಬ್ಬಿಸಿದೆಯೋ ಲೆಕ್ಕವಿಲ್ಲ.

ಭಾನುವಾರ ಬೆಳಿಗ್ಗೆ ಬಂಪರ್ ಕಳಚಿ ಎರಡೂ ಹೆಡ್‌ಲೈಟು ಹೊರತೆಗೆದೆ. ಬಲ್ಬು, ಹಿಂದಿನ ರಬ್ಬರ್ ಮುಚ್ಚಳ, ಸ್ಕ್ರೂಗಳು ಎಲ್ಲವನ್ನೂ ಬಿಚ್ಚಿ ತಟ್ಟೆಯಲ್ಲಿಟ್ಟೆ. ಓವನ್ನನ್ನು ಸಣ್ಣಗೆ ಕಾಯಿಸಿ, ಮರದ ಪಟ್ಟಿಯ ಮೇಲೆ ಒಂದೊಂದನ್ನೇ ಹತ್ತು ನಿಮಿಷ ಇಟ್ಟೆ. ಮುಂದಿನ ಗಾಜನ್ನು ಹಿಂದಿನ ಡಬ್ಬಿಗೆ ಅಂಟಿಸಿದ ಕರಿ ಅಂಟು ಆ ಶಾಖಕ್ಕೆ ಮೆತ್ತಗಾಗುತ್ತದೆ. ಆಗ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲಗೆ ಮೀಟಿದರೆ ಎರಡೂ ಬೇರೆಯಾಗುತ್ತವೆ, ನಡುವೆ ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಜಗ್ಗುತ್ತದೆ. ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇನ್ನು ಈ ಓವನ್ನಲ್ಲಿ ಕೇಕು ಮಾಡಿದ ಹಾಗೇ ಇದೆ" ಎಂದು ಗೊಣಗುತ್ತಾ ಹಿತ್ತಲಿಗೆ ಹೋದಳು.

ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಒಂದೇ ಕಣ್ಣಿನಲ್ಲಿ ನೋಡುತ್ತಾ ಕೂತಿದ್ದರು. "ಹೊಳಪಿನ ಭಾಗಕ್ಕೆ ಬೆರಳು ತಾಗಿಸ್ಬೇಡ. ಬೆವರಿನ ಗುರುತು ಜನ್ಮಕ್ಕೂ ಹೋಗಲ್ಲ" ಎನ್ನುತ್ತಿದ್ದರು. ನಾನು ಒಳಗಿನ ಅಂಚಿಗೆ ಕಪ್ಪು ಬಣ್ಣ ಹೊಡೆದೆ, ಪ್ರೊಜೆಕ್ಟರ್ ಕೂರಿಸಿದೆ, ಹಳೆಯ ಅಂಟು ಕೆರೆದು ತೆಗೆದು ಕಾಲುವೆಯಂಥ ಅಂಚಿನಲ್ಲಿ ಹೊಸ ಅಂಟಿನ ಹಗ್ಗವನ್ನು ಹೊಸೆದು ಕೂರಿಸಿದೆ. ಮತ್ತೆ ಬಿಸಿ ಮಾಡಿ, ಗಾಜು ಒತ್ತಿ, ಸುತ್ತ ಕ್ಲಿಪ್ಪು ಹಾಕಿ ಆರಲು ಬಿಟ್ಟೆ. ಫೋನಿನಲ್ಲಿ ಅಪ್ಪ ತಮ್ಮ ಹಳೆಯ ಸಹೋದ್ಯೋಗಿಗೆ, "ನನ್ ಮಗಳು ಹೆಡ್‌ಲೈಟೇ ಬಿಚ್ಚಿ ಜೋಡಿಸ್ಬಿಟ್ಳು ಕಣಯ್ಯಾ" ಎಂದು ಹೇಳುವುದು ಕೇಳಿಸಿತು. ಅಂಥ ಮಾತು ಕೇಳಿ ನನಗೆ ವರ್ಷಗಳಾಗಿದ್ದವು.

ಮುಸ್ಸಂಜೆಗೆ ಕಾರನ್ನು ಎದುರು ಸೈಟಿನ ಬೋಳು ಗೋಡೆಗೆ ಮುಖಮಾಡಿ ನಿಲ್ಲಿಸಿ ದೀಪ ಹಾಕಿದೆ. ಬೆಳಕು ಚಾಕುವಿನಲ್ಲಿ ಕೊಯ್ದ ಹಾಗೆ ಬಿತ್ತು. ಎಡಕ್ಕೆ ಸಪಾಟಾದ ಗೆರೆ, ನಡುವಿನಿಂದ ಬಲಕ್ಕೆ ಒಂದು ಮೆಟ್ಟಿಲು ಏರಿದಂತೆ ಮೇಲಕ್ಕೆ ಹೋಗಿತ್ತು. ಎಷ್ಟು ಚೆಂದ ಎಂದು ಫೋಟೋ ತೆಗೆದುಕೊಂಡೆ.

ಅಪ್ಪ ಪ್ರಖರ ಬೆಳಕು ನೋಡುವಂತಿರಲಿಲ್ಲ. ಒಳಗಿನಿಂದಲೇ ಕೂಗಿದರು. "ಗೆರೆ ಹೇಗೆ ಬಿದ್ದಿದೆಯಮ್ಮಾ?"

"ಸೂಪರ್ ಆಗಿದೆ ಅಪ್ಪ."

"ನನ್ ಪಟ್ಟಿ ಬಿಚ್ಲಿ, ನಾನೊಂದ್ಸಲ ನೋಡ್ತೀನಿ. ಅಲ್ಲೀವರೆಗೂ ರೋಡಿಗೆ ಇಳಿಸ್ಬೇಡ."

"ಆಯ್ತು" ಎಂದೆ. ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಆಫೀಸಿಗೆ ಹೋದೆ. ಪಟ್ಟಿ ಬಿಚ್ಚಿದ ಮೇಲೆ ಅಪ್ಪ ಎರಡು ಸಲ ನೆನಪಿಸಿದರು, ನಾನು ಎರಡು ಸಲವೂ ನಾಳೆ ಎಂದೆ. ಆಮೇಲೆ ಅವರೂ ಬಿಟ್ಟರು. ನನ್ನ ಕೆಲಸವನ್ನು ನಾನೇ ಪಾಸ್ ಮಾಡಿಕೊಂಡಿದ್ದೆ.

ಮೊದಲ ಸಂಜೆಯಿಂದಲೇ ಎದುರಿನವರು ನನಗೆ ಲೈಟ್ ಹೊಡೆಯತೊಡಗಿದರು. ಹಳೇ ಮದ್ರಾಸು ರಸ್ತೆಯಲ್ಲಿ ಆಟೋದವನು, ಲಾರಿಯವನು, ಹಾಲಿನ ಟೆಂಪೋದವನು, ಒಬ್ಬರಾದ ಮೇಲೊಬ್ಬರು ಪಕ್ ಪಕ್ ಎಂದು ಹೊಡೆದು ಹೋಗುತ್ತಿದ್ದರು. ಒಬ್ಬ ಕಿಟಕಿಯಿಂದ ಕೈ ಚಾಚಿ ಏನೋ ಬೈದ. ನಾನು ಡಿಪ್ಪಿನಲ್ಲೇ ಇದ್ದೆ, ನನ್ನದೇನೂ ತಪ್ಪಿರಲಿಲ್ಲ. ಹೆಂಗಸು ಓಡಿಸುವುದನ್ನು ಕಂಡರೆ ಈ ಗಂಡಸರಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ ಎಂದುಕೊಂಡೆ. ಯಾರು ಹೊಡೆದರೂ ನಾನು ತಿರುಗಿ ಹೈ ಬೀಮ್ ಹೊಡೆಯುವುದನ್ನು ರೂಢಿ ಮಾಡಿಕೊಂಡೆ. ಅದರಲ್ಲೊಂದು ಸುಖವಿತ್ತು, ಸುಳ್ಳು ಯಾಕೆ ಹೇಳಲಿ. ಕತ್ತಲಲ್ಲಿ ಎದುರಿನ ದೀಪ ಕಂಡರೆ ಸಾಕು, ಅವನು ಹೊಡೆಯುವ ಮೊದಲೇ ನನ್ನ ಬೆರಳು ಸ್ವಿಚ್ಚಿನ ಮೇಲೆ ಕಾಯುತ್ತಿರುತ್ತಿತ್ತು. ಎರಡು ತಿಂಗಳು ಹಾಗೆ ಓಡಿಸಿದೆ.

ಅಷ್ಟರಲ್ಲಿ ಅಪ್ಪನ ಕಣ್ಣು ತಿಳಿಯಾಗಿತ್ತು. ಮೊದಲಿನಂತೆ ದಿನಾ ಸಂಜೆ ಸ್ಕೂಟರಿನಲ್ಲಿ ಹಲಸೂರು ಕೆರೆಯ ಬಳಿ ಹೋಗಿ, ಕಾರ್ಖಾನೆಯ ಹಳೆಯ ಗೆಳೆಯರೊಂದಿಗೆ ಹರಟೆ ಹೊಡೆದು ಏಳು ಗಂಟೆಯೊಳಗೆ ಮನೆ ಸೇರುತ್ತಿದ್ದರು. ಆ ಸ್ಕೂಟರು ಅವರ ಅರ್ಧ ಆಯಸ್ಸು. ಅವರು ಹಲಸೂರಿನ ಕಡೆಯಿಂದ, ನಾನು ಕೆ.ಆರ್. ಪುರದ ಕಡೆಯಿಂದ ಬಂದು, ಕಾರ್ಖಾನೆ ಗೋಡೆಯ ಪಕ್ಕದ ರಸ್ತೆಯಿಂದ ನಮ್ಮ ಬೀದಿಗೆ ತಿರುಗಬೇಕು. ಆ ರಸ್ತೆಯ ದೀಪಗಳಲ್ಲಿ ಅರ್ಧಕ್ಕರ್ಧ ಉರಿಯುವುದಿಲ್ಲ.

ಆ ಗುರುವಾರ ನಾನು ಬೇಗ ಹೊರಟಿದ್ದೆ. ಗೋಡೆಯ ರಸ್ತೆಗೆ ಬಂದಾಗ ಎದುರಿನಿಂದ ಒಂದು ಮಂಕಾದ ಒಂಟಿ ದೀಪ ಬರುತ್ತಿತ್ತು. ಅದು ಒಮ್ಮೆ ಹೊಯ್ದಾಡಿತು, ಆಮೇಲೆ ನನಗೆ ಲೈಟ್ ಹೊಡೆಯಿತು. ನನ್ನ ಬೆರಳು ಕಾದೇ ಇತ್ತು. ಹೈ ಬೀಮ್ ಒತ್ತಿ ಹಿಡಿದೆ. ಆ ಬೆಳಕಿನಲ್ಲಿ ಒಂದು ಕೈ ಮುಖಕ್ಕೆ ಅಡ್ಡ ಬಂದದ್ದು ಕಂಡಿತು, ಕೈ ಮಾತ್ರ. ನಾನು ನಮ್ಮ ಬೀದಿಗೆ ತಿರುಗಿಕೊಂಡೆ. ಹಿಂದೆ ಏನೋ ಉಜ್ಜಿದ ಸದ್ದು ಕೇಳಿದಂತಾಯಿತು. ಕನ್ನಡಿ ನೋಡಲಿಲ್ಲ.

ಮನೆಯಲ್ಲಿ ಅಮ್ಮ ದೀಪ ಹಚ್ಚುತ್ತಿದ್ದಳು. "ಅಪ್ಪ ಇನ್ನೂ ಬಂದಿಲ್ಲ ಕಣೇ, ದಾರೀಲಿ ಸಿಕ್ಕಿದ್ರಾ?" ಎಂದಳು. ಇಲ್ಲ ಎಂದೆ. ಚಪ್ಪಲಿ ಬಿಚ್ಚದೆ ಗೇಟಿನಲ್ಲೇ ನಿಂತೆ, ಹುಡುಕಿಕೊಂಡು ಹೋಗಲು ಕಾಲು ಬರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಇಸ್ತ್ರಿ ಅಂಗಡಿಯವರು ಅಪ್ಪನನ್ನು ಆಟೋದಲ್ಲಿ ಕರೆತಂದರು. ಬಲಗೈ ಮಣಿಕಟ್ಟು ಊದಿಕೊಂಡಿತ್ತು, ಪಂಚೆಯ ತುಂಬ ಚರಂಡಿಯ ಕೆಸರು.

ಅಪ್ಪ ನೋವಿಗೆ ಅಳುತ್ತಿರಲಿಲ್ಲ. ಅಮ್ಮನ ಕೈ ಹಿಡಿದು, "ಎಲ್ಲಾ ಬೆಳ್ಳಗಾಗ್ಬಿಡ್ತು ಕಣೇ" ಎಂದರು. "ಕಾರು ಬಂತು. ದಿನಾ ಬರಲ್ವಾ ಕಾರು? ಇವತ್ತು ಕಣ್ಣೇ ಹೋಯ್ತು. ಅಣ್ಣಂಗೂ ಹೀಗೇ ಶುರುವಾಗಿದ್ದು." ತಾತನನ್ನು ಅವರು ಅಣ್ಣ ಎನ್ನುತ್ತಿದ್ದರು.

ಆಗಲೇ ಹೇಳಬೇಕಿತ್ತು. ಆ ಕಾರು ನನ್ನದು ಎಂದು ಮೂರು ಮಾತು. ಪಂಚೆಯ ಕೆಸರು ಒರೆಸಲು ಬಟ್ಟೆ ತರುವ ನೆಪದಲ್ಲಿ ಒಳಗೆ ಹೋದೆ.

ಮಾರನೆಯ ಸಂಜೆ ಕಾರನ್ನು ಮತ್ತೆ ಎದುರು ಸೈಟಿನ ಗೋಡೆಗೆ ತಿರುಗಿಸಿ ದೀಪ ಹಾಕಿ ಕೂತೆ. ಯಾರೋ ನಾಯಿ ಹಿಡಿದುಕೊಂಡು ಗೋಡೆಯ ಗುಂಟ ಎಡದಿಂದ ಬಲಕ್ಕೆ ನಡೆದುಹೋದರು. ಎಡಕ್ಕಿದ್ದಾಗ ಬೆಳಕು ಅವರ ಸೊಂಟದವರೆಗಿತ್ತು. ಮೆಟ್ಟಿಲು ದಾಟಿದ ಕೂಡಲೇ ಮುಖಕ್ಕೇ ಹೊಡೆಯಿತು, ಅವರು ಕೈ ಅಡ್ಡ ಹಿಡಿದರು. ಹಿಂದಿನ ದಿನ ಕಂಡ ಕೈಯೇ ಮತ್ತೆ ಕಂಡಂತಾಯಿತು. ನಮ್ಮಲ್ಲಿ ಎದುರಿನವರು ಬರುವುದು ಬಲಗಡೆಯಿಂದ. ಬೆಳಕು ಎಡದ ಕಾಲುದಾರಿಯ ಕಡೆ ಏರಬೇಕು, ಬಲಕ್ಕೆ ತಗ್ಗಿರಬೇಕು. ನನ್ನದು ಗಾಡಿಗಳು ರಸ್ತೆಯ ಬಲಕ್ಕೆ ಓಡುವ ಯಾವುದೋ ದೇಶಕ್ಕೆಂದು ಮಾಡಿದ್ದು. ಶಿವಾಜಿನಗರದ ಆ ಹಿರಿಯರು ಹೇಳಹೊರಟದ್ದು ಇದನ್ನೇ. ಎರಡು ತಿಂಗಳು ನಾನು ಎದುರು ಬಂದವರೆಲ್ಲರ ಕಣ್ಣಿಗೆ ಕೋಲು ಹಾಕಿಕೊಂಡು ಓಡಿಸಿದ್ದೆ, ಸಾಲದ್ದಕ್ಕೆ ಅವರನ್ನೇ ಬೈದಿದ್ದೆ.

ಅದಾದ ಮೇಲೆ ನಾನು ಕಾರು ಬಿಟ್ಟು ಮೆಟ್ರೋದಲ್ಲಿ ಓಡಾಡತೊಡಗಿದೆ. ಪಾರ್ಕಿಂಗ್ ಕಷ್ಟ ಎಂದೆ. ಹೆಡ್‌ಲೈಟ್ ಮತ್ತೆ ಬಿಚ್ಚಲು ಧೈರ್ಯವಾಗಲಿಲ್ಲ. ಬಿಚ್ಚಿದರೆ ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾರೆ, ಯಾಕೆ ಎನ್ನುತ್ತಾರೆ. ಡಾಕ್ಟರು ಎರಡೂ ಕಣ್ಣು ಪರೀಕ್ಷಿಸಿ ಚೆನ್ನಾಗಿವೆ ಎಂದರು. ಅಪ್ಪ ಹೊರಗೆ ಬಂದು, "ಅಣ್ಣಂಗೂ ಮೊದ್ಲು ಹೀಗೇ ಹೇಳಿದ್ರು" ಎಂದರು. ನಾನು ಆಟೋ ಕರೆಯಲು ರಸ್ತೆಗೆ ಹೋದೆ.

ಕೈಯ ಕಟ್ಟು ಬಿಚ್ಚಿದ ವಾರ ಅಪ್ಪ ಸ್ಕೂಟರನ್ನು ಕೆರೆಯ ಬಳಿಯ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟರು. ಅವರು ಬೇಡ ಬೇಡ ಎಂದರೂ ಕೀಲಿಯನ್ನು ಅವರ ಜೇಬಿಗೆ ತುರುಕಿ, "ನಾನು ಯಾರ ಮೇಲಾದ್ರೂ ಹತ್ತಿಸೋಕ್ ಮುಂಚೆ ತಗೊಂಡ್ಹೋಗಿ" ಎಂದರು. ನಾನು ಕಾಫಿಯ ತಟ್ಟೆ ಹಿಡಿದು ಅಲ್ಲೇ ಬಾಗಿಲಲ್ಲಿದ್ದೆ. ಕಾಫಿ ಕೊಟ್ಟೆ. ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಹೇಡಿ ಕೆಲಸ ಆ ಕಾಫಿ ಕೊಟ್ಟದ್ದು.

ಒಂದು ಶನಿವಾರ ಮಧ್ಯಾಹ್ನ ನಡುಮನೆಯಲ್ಲಿ ಮೆಲ್ಲಗೆ ಏನೋ ತಡವರಿಸುವ ಸದ್ದು ಕೇಳಿ ಬಂದು ನೋಡಿದೆ. ಅಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಎಡಗೈಯನ್ನು ಗೋಡೆಗೆ ತಾಗಿಸಿಕೊಂಡು ನಡೆಯುತ್ತಿದ್ದರು. ಕೋಣೆಯ ಬಾಗಿಲಿಗೆ ಒಂಬತ್ತು ಹೆಜ್ಜೆ, ಬಚ್ಚಲಿಗೆ ಹದಿನಾಲ್ಕು. ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದರು. ಬರಲಿರುವ ಕುರುಡುತನಕ್ಕೆ ಅವರು ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ನನ್ನನ್ನು ಕಂಡು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದಳು.

ಮುಂದಿನ ವಾರವಿಡೀ ಮಳೆ ಬಂತು. ಭಾನುವಾರ ಬೆಳಿಗ್ಗೆ ಅಪ್ಪ ನಿಂತಲ್ಲೇ ನಿಂತಿದ್ದ ನನ್ನ ಕಾರನ್ನು ಎಡಗೈಯಲ್ಲಿ ಒರೆಸುತ್ತಿದ್ದರು. ಇದ್ದಕ್ಕಿದ್ದಂತೆ ಕೂಗಿದರು. "ಬಾರಮ್ಮ ಇಲ್ಲಿ. ಎಡಗಡೆ ಲೈಟಿನೊಳಗೆ ಒಂದು ಹನಿ ಇದೆ ನೋಡು. ಸಾಸಿವೆ ಕಾಳಷ್ಟು. ಅಂಟು ಎಲ್ಲೋ ಬಿಟ್ಟಿದೆ."

ನಾನು ಬಗ್ಗಿ ಗಾಜಿಗೆ ಮೂಗು ತಾಗಿಸಿದ ಮೇಲೆ ಕಂಡಿತು ಆ ಹನಿ. ಅಪ್ಪ ಎರಡು ಅಡಿ ದೂರದಲ್ಲಿ ನಿಂತೇ ನೋಡಿದ್ದರು. ನಾಳೆ ಕುರುಡಾಗುತ್ತೇನೆಂದು ಹೆಜ್ಜೆ ಎಣಿಸುವ ಮನುಷ್ಯ!

"ಇವತ್ತೇ ಬಿಚ್ಚೋಣ. ನಂಗೂ ಹೊತ್ತು ಹೋಗುತ್ತೆ" ಎಂದರು. ಬೇಡವೆನ್ನಲು ಕಾರಣ ಸಿಗಲಿಲ್ಲ. ಮತ್ತೆ ಓವನ್ನು, ಮತ್ತೆ ಆ ನಾತ, ಮತ್ತೆ ಅದೇ ಕುರ್ಚಿ. ಎಡ ಹೆಡ್‌ಲೈಟಿನ ಒಂದು ಮೂಲೆಯಲ್ಲಿ ಅಂಟು ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಅಪ್ಪ ಉಗುರಿನಿಂದ ತೋರಿಸಿದರು. ಮುಚ್ಚಿ, ಒತ್ತಿ, ಆರಿಸಿ, ಕಾರಿಗೆ ಕೂರಿಸುವಷ್ಟರಲ್ಲಿ ಬೆಳಕು ಇಳಿಯುತ್ತಿತ್ತು.

"ಅವತ್ತು ನೋಡೋಕಾಗ್ಲಿಲ್ಲ. ಇವತ್ತು ಗೋಡೆಗೆ ಹಾಕು" ಎನ್ನುತ್ತಾ ಅಪ್ಪ ಒಳಗಿನಿಂದ ಸೀಮೆಸುಣ್ಣ ತಂದರು.

"ಅಪ್ಪಾ, ಒಂದು ಮಾತು ಹೇಳ್ಬೇಕು."

"ಮೊದ್ಲು ಲೈಟ್ ಹಾಕಮ್ಮ. ಆಮೇಲೆ ಮಾತು."

ಹಾಕಿದೆ. ಅಪ್ಪ ಗೋಡೆಯ ಬಳಿ ಹೋಗಿ, ಎಡ ತುದಿಯಿಂದ ಗೆರೆಯ ಗುಂಟ ಸೀಮೆಸುಣ್ಣ ಎಳೆಯುತ್ತಾ ಬಂದರು. ನಡುವೆ ಕೈ ನಿಂತಿತು. ಆಮೇಲೆ ನಿಧಾನವಾಗಿ ಬೆಳಕಿನ ಜೊತೆ ಬಲಕ್ಕೆ, ಮೇಲಕ್ಕೆ ಹೋಯಿತು.

"ಇದು ಬಲಕ್ಕೆ ಏರ್ತಿದೆಯಲ್ಲ" ಎಂದರು, ನನ್ನ ಕಡೆ ತಿರುಗದೆ.

"ಹೌದಪ್ಪ."

"ಎದುರು ಬರೋನು ಬಲಗಡೆ ತಾನೇ ಬರೋದು?"

"ಹೌದು. ಅವತ್ತು ಬಂದ ಕಾರು ನಂದೇ ಅಪ್ಪ. ನಾನೇ. ಸಾಲದ್ದಕ್ಕೆ ಹೈ ಬೀಮೂ ಹೊಡೆದೆ. ಮಾರನೇ ದಿನವೇ ಗೊತ್ತಾಯ್ತು ನಂಗೆ."

ಅಪ್ಪ ಬೆಳಕು ಏರಿದ ಬಲತುದಿಗೆ ಹೋಗಿ, ಕಾರಿಗೆ ಮುಖ ಮಾಡಿ, ಕಣ್ಣು ಬಿಟ್ಟುಕೊಂಡು ನಿಂತರು. ಕಣ್ಣಲ್ಲಿ ನೀರು ಸುರಿಯತೊಡಗಿತು. ನಾಲ್ಕು ಹೆಜ್ಜೆ ಸರಿದು ಎಡಕ್ಕೆ ಬಂದು, ಗೆರೆಯ ಮೇಲಿನ ನೆರಳಿನಿಂದ ನನ್ನನ್ನು ನೋಡಿದರು. ಮತ್ತೆ ಬಲಕ್ಕೆ ಹೋಗಿ ನಿಂತರು. ಮತ್ತೆ ಎಡಕ್ಕೆ. ಇನ್ನೊಬ್ಬರ ಕೆಲಸವನ್ನು ಅಳೆದು ನೋಡುವಾಗ ಟೂಲ್‌ರೂಮಿನಲ್ಲಿ ಹೀಗೇ ಎರಡೆರಡು ಸಲ ನೋಡುತ್ತಿದ್ದರೇನೋ. ಬೈಯಲಿ, ಒಂದು ಏಟು ಹಾಕಲಿ ಎಂದು ನಾನು ಕಾಯುತ್ತಿದ್ದೆ.

"ಹಾಗಾದ್ರೆ ನನ್ ಕಣ್ಣು ಸರಿಯಾಗೇ ಇದೆ" ಎಂದರು ಅಪ್ಪ. ಮೊದಲು ಮೆಲ್ಲಗೆ, ತಮಗೆ ತಾವೇ. ಆಮೇಲೆ ಮನೆಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, "ಏನೇ! ಬಾರೇ ಇಲ್ಲಿ! ನನ್ ಕಣ್ಣಿಗೆ ಏನೂ ಆಗಿಲ್ವಂತೆ ಕಣೇ! ಲೈಟಿಂದು ತಪ್ಪು, ಕಣ್ಣಿಂದಲ್ಲ!" ಎಂದು ಕೂಗಿದರು. ಮುಷ್ಟಿ ಮಾಡಿ ಗಾಳಿಯಲ್ಲಿ ಠಸ್ಸೆ ಒತ್ತಿ, ಕೆನ್ನೆಯ ಮೇಲೆ ನೀರಿಳಿಯುತ್ತಿದ್ದಂತೆಯೇ ನಗತೊಡಗಿದರು. ನನ್ನ ಹೆಸರನ್ನು ಅವರು ಎತ್ತಲೇ ಇಲ್ಲ.

ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗೋಡೆಯ ಮೇಲಿನ ಗೆರೆ ನೋಡಿದಳು, ಬೆಳಕಿನಲ್ಲಿ ನಿಂತು ನಗುತ್ತಿದ್ದ ಅಪ್ಪನನ್ನು ನೋಡಿದಳು. ಆಮೇಲೆ ಸ್ಟಿಯರಿಂಗ್ ಹಿಡಿದು ಕೂತಿದ್ದ ನನ್ನನ್ನು ನೋಡಿದಳು, ತುಂಬ ಹೊತ್ತು.

"ಲೈಟ್ ಆರಿಸು" ಎಂದಳು.